ಪರಿಸರಕ್ಕೆ ಹೊರೆಯಾಗದ ಹವ್ಯಾಸವನ್ನು ಆಯ್ದುಕೊಳ್ಳುವುದು ಹೇಗೆ?

ಯಾವ ಹವ್ಯಾಸ ಪರಿಸರಸ್ನೇಹಿ, ಯಾವುದು ಅಲ್ಲ ಎಂಬುದನ್ನು ಹೆಸರು ನೋಡಿ ತೀರ್ಮಾನಿಸಲು ಬರುವುದಿಲ್ಲ. ಒಂದೇ ಒಂದು ಹಕ್ಕಿಯ ಫೋಟೊಕ್ಕಾಗಿ ವಾರವಾರವೂ ಇನ್ನೂರು ಕಿಲೋಮೀಟರ್ ಕಾರು ಓಡಿಸುವವರಿಗಿಂತ ಜಗಲಿಯಲ್ಲಿ ಕುಳಿತು ಚೌಕಾಬಾರ ಆಡುವವರೇ ಪ್ರಕೃತಿಗೆ ಹೆಚ್ಚು ಉಪಕಾರಿಗಳು. ಆದ್ದರಿಂದ ಹೊಸ ಹವ್ಯಾಸಕ್ಕೆ ಕೈಹಾಕುವ ಮುನ್ನ ಅದಕ್ಕಾಗಿ ಏನೇನು ಕೊಳ್ಳಬೇಕು, ಎಷ್ಟು ದೂರ ಎಷ್ಟು ಸಲ ಹೋಗಬೇಕು, ಬೇಸರ ಬಂದು ಬಿಟ್ಟ ದಿನ ಮನೆಯಲ್ಲಿ ಏನು ಉಳಿಯುತ್ತದೆ ಎಂದು ಕೇಳಿಕೊಳ್ಳಬೇಕು. ನಾವು ಸಾಮಾನ್ಯವಾಗಿ ಮರೆಯುವುದು ಕೊನೆಯ ಪ್ರಶ್ನೆಯನ್ನು. ತಾರಸಿ ತೋಟದ ಮೊದಲ ಉತ್ಸಾಹದಲ್ಲಿ ನಾನು ಒಂದೇ ದಿನ ನಲವತ್ತು ಪ್ಲಾಸ್ಟಿಕ್ ಕುಂಡಗಳನ್ನು ಕೊಂಡು ತಂದೆ. ಎರಡನೆಯ ಬೇಸಿಗೆಯ ಬಿಸಿಲಿಗೆ ಅರ್ಧಕ್ಕರ್ಧ ಸೀಳಿಹೋದವು. ಆ ವರ್ಷ ನಾನು ಬೆಳೆದ ಸೊಪ್ಪಿಗಿಂತ ಕಸದ ಗಾಡಿಗೆ ಹಾಕಿದ ಪ್ಲಾಸ್ಟಿಕ್ಕೇ ಹೆಚ್ಚು ತೂಗುತ್ತಿತ್ತೇನೋ. ಈಗ ಮೆಂತ್ಯ, ದಂಟು, ಪುದೀನ ಎಲ್ಲವೂ ತೂತುಬಿದ್ದ ಬಕೆಟ್ಟು ಮತ್ತು ಹಳೆಯ ಎಣ್ಣೆ ಡಬ್ಬಿಗಳಲ್ಲೇ ಬೆಳೆಯುತ್ತಿವೆ. ಅಡುಗೆಮನೆಯ ಸಿಪ್ಪೆ ಮತ್ತು ಒಣಗಿದ ತರಗೆಲೆ ಗೊಬ್ಬರವಾಗುತ್ತಿದೆ.

ಈ ಮೂರು ಪ್ರಶ್ನೆಗಳಿಗೆ ಚೆನ್ನಾಗಿ ಉತ್ತರ ಕೊಡುವ ಹವ್ಯಾಸವೆಂದರೆ, ನನ್ನ ಮಟ್ಟಿಗೆ, ನಡೆದು ಹೋಗುವಷ್ಟು ದೂರದಲ್ಲೇ ಹಕ್ಕಿಗಳನ್ನು ನೋಡುವುದು. ಆರಂಭಕ್ಕೆ ಒಂದು ನೋಟ್‌ಬುಕ್ ಸಾಕು. ಬೆಳಗಿನ ಆರೂವರೆಯಿಂದ ಎಂಟೂವರೆಯ ಒಳಗೆ ಊರಿನ ಕೆರೆಯ ಏರಿಯ ಮೇಲೆ, ಅದಿಲ್ಲದಿದ್ದರೆ ಮರಗಳಿರುವ ಬೀದಿಯಲ್ಲಿ, ಅರ್ಧ ಗಂಟೆ ನಿಂತರೆ ಹದಿನೈದಿಪ್ಪತ್ತು ಬಗೆಯ ಹಕ್ಕಿಗಳು ಕಣ್ಣಿಗೆ ಬೀಳುವುದು ಕಷ್ಟವಲ್ಲ. ಪಿಕಳಾರ, ಮಡಿವಾಳ, ಸೂರಕ್ಕಿ, ಮಿಂಚುಳ್ಳಿಗಳನ್ನು ಹೆಸರಿಟ್ಟು ಗುರುತಿಸಲು ಒಂದು ತಿಂಗಳು ಬೇಕು. ನೀರಿನಲ್ಲಿ ಗುಳುಮುಳುಕ ಹಕ್ಕಿ ಮುಳುಗಿದ ಜಾಗದಲ್ಲೇ ಕಣ್ಣು ನೆಟ್ಟರೆ ಏನೂ ಸಿಗುವುದಿಲ್ಲ, ಅದು ಏಳುವುದು ಇನ್ನೆಲ್ಲೋ. ಕೆರೆಯನ್ನು ಇಡಿಯಾಗಿ ನೋಡುವ ಅಭ್ಯಾಸ ಅಲ್ಲಿಂದ ಶುರುವಾಗುತ್ತದೆ. ಆಸಕ್ತಿ ಮೂರು ತಿಂಗಳು ನಿಂತ ಮೇಲೆ ದುರ್ಬೀನು ಕೊಳ್ಳಬಹುದು, ಅದಕ್ಕೂ ಮೊದಲು ಯಾರದಾದರೂ ಎರವಲು ತಂದು ನೋಡುವುದು ಒಳ್ಳೆಯದು. 8×42 ಎಂದು ಬರೆದಿರುವುದು ಸಾಮಾನ್ಯ ಬಳಕೆಗೆ ತಕ್ಕುದು: ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದನ್ನೂ ಎರಡನೆಯದು ಮುಂದಿನ ಮಸೂರದ ವ್ಯಾಸ ಎಷ್ಟು ಮಿಲಿಮೀಟರ್ ಎಂಬುದನ್ನೂ ಹೇಳುತ್ತದೆ. ಮೊದಲ ಅಂಕಿ ಹೆಚ್ಚಾದಷ್ಟೂ ಕೈಯ ನಡುಕವೂ ಹಿಗ್ಗಿ ಕಾಣುತ್ತದೆ ಎಂಬುದನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ.

ಹಕ್ಕಿ ನೋಡುವವರೇ ಹಕ್ಕಿಗೆ ತೊಂದರೆ ಕೊಡುವ ಸಂದರ್ಭಗಳೂ ಇವೆ. ಬೇಸಿಗೆಯಲ್ಲಿ ಕೆರೆಯಂಗಳದ ಬಯಲನ್ನು ದಾಟುವಾಗ ಟಿಟ್ಟಿಭವೊಂದು ತಲೆಯ ಮೇಲೆಯೇ ಸುತ್ತುತ್ತ ಕಿರುಚತೊಡಗಿದರೆ, ಬೆಣಚುಕಲ್ಲುಗಳ ನಡುವೆ ಕಲ್ಲಿನಂತೆಯೇ ಕಾಣುವ ಅದರ ಮೊಟ್ಟೆಗಳು ಹತ್ತಿರದಲ್ಲೇ ಬರಿಯ ನೆಲದ ಮೇಲಿವೆ ಎಂದು ತಿಳಿದು, ಬಂದ ದಾರಿಯಲ್ಲೇ ಹಿಂದಿರುಗಬೇಕು. ತಾಯಿ ಹಕ್ಕಿ ಹಾರಿ ಕೂಗುತ್ತಿರುವಷ್ಟು ಹೊತ್ತೂ ಮೊಟ್ಟೆಗಳು ನೆರಳಿಲ್ಲದೆ ಬಿಸಿಲಿನಲ್ಲಿ ಬೇಯುತ್ತಿರುತ್ತವೆ. ಗೂಡಿನ ಫೋಟೊ ತೆಗೆಯಲು ರೆಂಬೆ ಸರಿಸುವುದು, ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ಹಾಕಿ ಹತ್ತಿರ ಕರೆಯುವುದು, ಇವೆರಡನ್ನೂ ಮೊದಲ ದಿನದಿಂದಲೇ ಬಿಟ್ಟುಬಿಡಿ. ಕಂಡದ್ದನ್ನು ಬರೆದಿಡುವ ರೂಢಿಯಿದ್ದವರು ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿವಿಜ್ಞಾನ ಪ್ರಯೋಗಾಲಯ ನಡೆಸುವ ಇ-ಬರ್ಡ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಪಟ್ಟಿ ಸೇರಿಸಬಹುದು. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿ ಎಣಿಕೆಯಲ್ಲಿ ಹದಿನೈದು ನಿಮಿಷ ಕೊಟ್ಟರೂ ಸಾಕು. ಭಾರತ ಇದರಲ್ಲಿ 2013ರಿಂದ ಪಾಲ್ಗೊಳ್ಳುತ್ತಿದೆ.

ದೂರದ ತಾಣಗಳಿಗೆ ಹೋಗಲೇಬಾರದೆಂದಲ್ಲ. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿಗೆ ಹೋಗಲು ಶ್ರೀರಂಗಪಟ್ಟಣದವರೆಗೆ ರೈಲಿದೆ, ಅಲ್ಲಿಂದ ಆಟೋ ಸಾಕು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಊರಿನ ನಡುವಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಆ ಮರಗಳ ಕೆಳಗಿರುವುದು ಜನರ ಅಂಗಳವಾದ್ದರಿಂದ ಕ್ಯಾಮೆರಾ ಎತ್ತುವ ಮೊದಲು ಮನೆಯವರನ್ನು ಮಾತನಾಡಿಸುವುದು ಸೌಜನ್ಯ. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಗದಗ ಜಿಲ್ಲೆಯ ಮಾಗಡಿ ಕೆರೆಗೂ ವರ್ಷಕ್ಕೊಮ್ಮೆ, ನಾಲ್ಕು ಜನ ಸೇರಿ ಒಂದೇ ವಾಹನದಲ್ಲಿ ಹೋಗಿಬಂದರೆ ಆಯಿತು.

ಹೊರಗೆ ಓಡಾಡಲು ಆಗದವರಿಗೆ, ಅಥವಾ ಮಳೆಗಾಲದ ಸಂಜೆಗಳಿಗೆ, ಕೌದಿ, ಅಂದರೆ ಹಳೆಯ ಬಟ್ಟೆಗಳ ಹೊದಿಕೆ, ಹೊಲಿಯುವುದಕ್ಕಿಂತ ಒಳ್ಳೆಯ ಹವ್ಯಾಸವನ್ನು ನಾನು ಕಂಡಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಇದನ್ನು ಹವ್ಯಾಸವೆಂದು ಯಾರೂ ಕರೆದವರಲ್ಲ. ಉಟ್ಟು ಹಳತಾದ ಸೀರೆ, ಧೋತರಗಳಿಗೆ ಅದು ಎರಡನೆಯ ಜನ್ಮವಾಗಿತ್ತು, ಅಷ್ಟೆ. ಎರಡು ಮೂರು ಹಳೆಯ ಹತ್ತಿ ಸೀರೆಗಳನ್ನು ಒಗೆದು ಒಣಗಿಸಿ, ನೆಲದ ಮೇಲೆ ಸುಕ್ಕಿಲ್ಲದಂತೆ ಒಂದರ ಮೇಲೊಂದು ಹಾಸಿ, ಮೇಲ್ಪದರಕ್ಕೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಮೊದಲು ಉದ್ದುದ್ದ ಕಚ್ಚಾ ಹೊಲಿಗೆಯಲ್ಲಿ ಎಲ್ಲವನ್ನೂ ಹಿಡಿದಿಡಬೇಕು. ಈ ಹಂತವನ್ನು ತಪ್ಪಿಸಿದರೆ ಒಳಪದರ ಜರುಗಿ ಗಂಟುಕಟ್ಟುತ್ತದೆ. ಆಮೇಲೆ ದಪ್ಪ ದಾರದಿಂದ ಅಂಚಿನಿಂದ ಸಾಲುಸಾಲಾಗಿ ಓಟದ ಹೊಲಿಗೆ ಹಾಕುತ್ತ ಹೋಗುವುದು. ಜಾರುವ ಪಾಲಿಯೆಸ್ಟರ್ ಬಟ್ಟೆ ಇದಕ್ಕೆ ಒದಗುವುದಿಲ್ಲ. ಯಲ್ಲಾಪುರ, ಹಳಿಯಾಳದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಅಂಚಿನಿಂದ ಸುತ್ತಿಕೊಂಡು ನಡುವಿನತ್ತ ಹೊಲಿಯುತ್ತ ಬಂದು, ನಾಲ್ಕೂ ಮೂಲೆಗೆ ‘ಫೂಲ’ ಎಂಬ ಪದರಪದರದ ತ್ರಿಕೋನಗಳನ್ನು ಕೂಡಿಸುತ್ತಾರೆ. ಮೊದಲ ಸಲ ದೊಡ್ಡದಕ್ಕೆ ಕೈಹಾಕದೆ ಕೂಸಿನ ಅಳತೆಯದನ್ನು ಹೊಲಿಯಿರಿ. ಹೊಸ ಬಟ್ಟೆಯನ್ನು ಮೀಟರ್‌ಗಟ್ಟಲೆ ತಂದು ಕತ್ತರಿಸಿ ‘ಪ್ಯಾಚ್‌ವರ್ಕ್’ ಮಾಡುವುದಾದರೆ ಮೂಲ ಉದ್ದೇಶವೇ ತಪ್ಪಿತು.

ಕೆಲವನ್ನು ಆರಿಸುವಾಗ ಎಚ್ಚರ ಬೇಕು. ಅಕ್ವೇರಿಯಂ ಸಾಕಾಯಿತೆಂದು ಹೊರದೇಶದ ಮೀನು, ಆಮೆಗಳನ್ನು ಕೆರೆಗೆ ಬಿಟ್ಟರೆ ಅವು ಅಲ್ಲಿಯ ಜೀವಿಗಳ ಬಾಯಿಗೇ ಮಣ್ಣು ಹಾಕುತ್ತವೆ. ನಮ್ಮ ಕಾಡಿನ ಗಿಳಿಯನ್ನು ಪಂಜರದಲ್ಲಿಡುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆಷಾಢದ ಗಾಳಿಗೆ ಗಾಳಿಪಟ ಹಾರಿಸುವುದಾದರೆ ಸಾದಾ ಹತ್ತಿ ದಾರವನ್ನೇ ಬಳಸಿ. ಗಾಳಿಪಟದ ಹರಿತವಾದ ನೈಲಾನ್ ದಾರವಾದ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಕೊರಳು ಕುಯ್ಯುವ ಆ ದಾರ ಮರದ ಕೊಂಬೆಯಲ್ಲಿ ವರ್ಷಗಟ್ಟಲೆ ಉಳಿದು ಕಾಗೆ, ಹದ್ದು, ಬಾವಲಿಗಳ ರೆಕ್ಕೆಗೆ ಸುತ್ತಿಕೊಳ್ಳುತ್ತದೆ. ಚಾರಣಿಗರು ರಜೆಯ ದಿನದ ನೂಕುನುಗ್ಗಲನ್ನು ಬಿಟ್ಟು ವಾರದ ನಡುವೆ, ಅರಣ್ಯ ಇಲಾಖೆಯ ಅನುಮತಿ ಪಡೆದು ಹೋಗಲಿ. ಬಾಳೆಹಣ್ಣಿನ ಸಿಪ್ಪೆಯೂ ಸೇರಿದಂತೆ ಒಯ್ದದ್ದೆಲ್ಲ ಅದೇ ಚೀಲದಲ್ಲಿ ಕೆಳಗಿಳಿಯಲಿ.

ಇಷ್ಟೆಲ್ಲ ನೋಡಿದ ಮೇಲೂ ಮನಸ್ಸು ನಿಲ್ಲದಿದ್ದರೆ, ಯಾವುದಾದರೂ ಒಂದನ್ನು ಹಿಡಿದು, ಏನನ್ನೂ ಕೊಳ್ಳದೆ, ಮನೆಯಲ್ಲಿರುವುದರಿಂದ ಅಥವಾ ಎರವಲು ತಂದದ್ದರಿಂದ ಒಂದು ತಿಂಗಳು ನಡೆಸಿ. ಕಾಸು ಖರ್ಚಾಗದ ಆ ತಿಂಗಳು ಮುಗಿದ ಮೇಲೂ ಭಾನುವಾರ ಬೆಳಿಗ್ಗೆ ತಾನಾಗಿಯೇ ಎಚ್ಚರವಾಗಿ ಕಾಲು ಕೆರೆಯ ಕಡೆ ಹೊರಟರೆ ದುರ್ಬೀನಿನ ಅಂಗಡಿಗೆ ಹೋಗಲು ಅಡ್ಡಿಯಿಲ್ಲ.