ಗೇರು ತೋಟಕ್ಕೆ ಚಗಳಿ ಕಾವಲು: ನನ್ನ ಅನುಭವ

"ಎಂತ ಮಾರಾಯ, ಚಗಳಿ ಸಾಕ್ತಿಯಂತೆ? ಬರೋ ವರ್ಷ ಹಾವು ಸಾಕು!" ನಾಲ್ಕು ವರ್ಷದ ಹಿಂದೆ ಪಕ್ಕದ ತೋಟದ ಹಿರಿಯರು ಬೇಲಿ ಆಚೆ ನಿಂತು ಹೇಳಿದ ಮಾತು. ಚಗಳಿ ಅಂದರೆ ಮರದ ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆ. ಅವರ ನಗು ಇನ್ನೂ ಕಿವಿಯಲ್ಲಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮಲೆನಾಡಿನ ಅಂಚಿನಲ್ಲಿ ಎರಡು ಎಕರೆ ಗೇರು, ನೂರನಲವತ್ತು ಮರ ಇರಬಹುದು. ವೆಂಗುರ್ಲಾ-4 ಹೆಚ್ಚು, ಉಳ್ಳಾಲದ ತಳಿ ಸ್ವಲ್ಪ. ಟೀ ಸೊಳ್ಳೆ (ಹೆಸರಿಗೆ ಸೊಳ್ಳೆ, ನಿಜಕ್ಕೂ ಚಿಗುರು, ಹೂವಿನ ರಸ ಹೀರುವ ತಿಗಣೆ) ಬಿದ್ದರೆ ಹೂಗೊಂಚಲು ಹೇಗೆ ಸುಟ್ಟ ಹಾಗೆ ಕಾಣುತ್ತದೆಂದು ನಿಮಗೆ ಹೇಳಬೇಕಿಲ್ಲ. ಚಿಗುರಿಗೊಂದು, ಹೂವಿಗೊಂದು, ಕಾಯಿಗೊಂದು ಸಿಂಪಡಣೆ. ಔಷಧಿ, ಪವರ್ ಸ್ಪ್ರೇಯರ್ ಬಾಡಿಗೆ, ಆಳಿನ ಸಂಬಳ ಸೇರಿ ವರ್ಷಕ್ಕೆ ಹದಿನಾಲ್ಕು ಸಾವಿರದ ಹತ್ತಿರ ಖರ್ಚು. ಇಷ್ಟು ಮಾಡಿಯೂ ಮೋಡ ಕವಿದ ವರ್ಷ ಸಿಕ್ಕಿದ್ದು ಮೂರು ಕ್ವಿಂಟಲ್ ಬೀಜ. ಹೆಕ್ಕಿದ ಕೂಲಿ ಕಳೆದರೆ ಕೈಗೆ ಬಂದದ್ದು ಹೇಳಿಕೊಳ್ಳುವಂಥದ್ದಲ್ಲ.

ತೋಟದ ಮೂಲೆಯಲ್ಲಿ ಚಗಳಿ ತುಂಬಿದ್ದ ಎರಡು ಮರ ಮಾತ್ರ ಪ್ರತಿವರ್ಷ ಹಸಿರಾಗೇ ಇರುತ್ತಿದ್ದವು. ಕಚ್ಚುತ್ತವೆ ಅಂತ ಸಿಂಪಡಣೆಯವರು ಆ ಕಡೆ ಹೋಗುತ್ತಲೇ ಇರಲಿಲ್ಲ. ಎಷ್ಟೋ ವರ್ಷ ಕಣ್ಣೆದುರೇ ಇದ್ದ ಮರ, ಕಣ್ಣಿಗೆ ಬಿದ್ದದ್ದು ಆ ಮೋಡದ ವರ್ಷವೇ. ಉಳಿದ ಮರಕ್ಕೂ ಚಗಳಿ ಬಿಡೋಣ ಅಂತ ಹೊರಟೆ.

ಮೊದಲನೇ ವರ್ಷ ಮಾಡಿದ್ದೆಲ್ಲ ತಪ್ಪು. ಕಾಡಂಚಿನಿಂದ ನಲವತ್ತು ಕೊಟ್ಟೆ (ಚಗಳಿಯ ಎಲೆಗೂಡು) ಕೊಯ್ದು ಗೊಬ್ಬರದ ಚೀಲಕ್ಕೆ ತುಂಬಿದೆ, ಅದೂ ಮಟಮಟ ಮಧ್ಯಾಹ್ನ. ಯಾವ ಮರದ್ದು ಯಾವುದು ಎಂಬ ಲೆಕ್ಕವೇ ಇಲ್ಲ. ತಂದು ಕಟ್ಟಿದ ಒಂದು ಗಂಟೆಯಲ್ಲಿ ಕುರುಕ್ಷೇತ್ರ! ಒಂದು ಮನೆಯದ್ದು ಇನ್ನೊಂದು ಮನೆಯದ್ದನ್ನು ಕಾಲು ಹಿಡಿದು ಎಳೆದು ಸಿಗಿದು ಹಾಕಿದವು. ಮರದ ಬುಡದಲ್ಲಿ ಹೆಣಗಳ ರಾಶಿ. ನಮ್ಮೂರಿನ ದಾಯಾದಿ ಜಗಳ ಇದರ ಮುಂದೆ ಏನೂ ಅಲ್ಲ. ಉಳಿದ ಕೊಟ್ಟೆಗಳೂ ಮಳೆಗಾಲ ದಾಟಲಿಲ್ಲ, ರಾಣಿಯೇ ಇಲ್ಲದ ಮನೆಗಳವು. ಕೂಲಿ, ಹಗ್ಗ, ಚೀಲ ಅಂತ ಒಂಬತ್ತು ಸಾವಿರ ನೀರಿಗೆ ಹಾಕಿದಂತಾಯಿತು. ಮನೆಯವಳು ಒಂದು ತಿಂಗಳು ಆ ವಿಷಯ ಎತ್ತಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಎರಡನೇ ವರ್ಷ ಮರಕ್ಕೊಂದು ಗುರುತು ಹಾಕಿ, ಒಂದೇ ಕುಟುಂಬದ ಕೊಟ್ಟೆಗಳನ್ನು ಒಂದೇ ಸಾಲಿಗೆ ಬಿಟ್ಟೆ. ಎಲ್ಲವೂ ಒಳಗೆ ಸೇರಿರುವ ಹೊತ್ತು, ಅಂದರೆ ಬೆಳಕು ಹರಿಯುವ ಮೊದಲು ಕೊಯ್ಯಬೇಕು. ಕೈಗೆ, ಕಾಲಿಗೆ ಒಲೆಬೂದಿ ಬಳಿದುಕೊಂಡರೆ ಅವುಗಳಿಗೆ ಹಿಡಿತ ಸಿಗುವುದಿಲ್ಲ. ಸಾಲಿನೊಳಗೆ ಮರದಿಂದ ಮರಕ್ಕೆ ಹಗ್ಗ ಕಟ್ಟಿದೆ, ಎರಡು ಕುಟುಂಬಗಳ ನಡುವೆ ಒಂದು ಸಾಲು ಖಾಲಿ ಬಿಟ್ಟು ತಾಗುವ ಕೊಂಬೆ ಸವರಿದೆ. ಹಗ್ಗದ ಉಪಾಯ ನನ್ನದಲ್ಲ. ಚೀನಾದವರು ಕ್ರಿ.ಶ. 300ರ ಆಸುಪಾಸಿನಲ್ಲೇ ಕಿತ್ತಳೆ ಜಾತಿಯ ತೋಟಗಳಿಗೆ ಇದೇ ಇರುವೆಯ ಕೊಟ್ಟೆಗಳನ್ನು ಸಂತೆಯಲ್ಲಿ ಕೊಳ್ಳುತ್ತಿದ್ದರಂತೆ, ಮುಂದೆ ಮರಗಳ ನಡುವೆ ಬಿದಿರಿನ ಸೇತುವೆಯನ್ನೂ ಕಟ್ಟಿದರು. ಇದನ್ನು ಹೇಳಿದಾಗ ಬೇಲಿಯಾಚೆಯ ಹಿರಿಯರು "ಅವರು ಎಲ್ಲಾ ತಿಂತಾರೆ ಬಿಡು" ಎಂದರು. ಅವರ ಮನೆಯಲ್ಲೂ ಶೀತಕ್ಕೆ ಚಗಳಿ ಚಟ್ನಿಯೇ!

ರಾಣಿ ಇರುವ ಕೊಟ್ಟೆ ಯಾವುದು ಅಂತ ಹೊರಗಿನಿಂದಲೇ ಹೇಳುವುದು ಹೇಗೆ? ಅದಕ್ಕೆ ಎರಡು ಚಳಿಗಾಲ ಮರದಡಿ ಕೂತಿದ್ದೇನೆ. ಅದೊಂದನ್ನು ಇಲ್ಲಿ ಬರೆಯುವುದಿಲ್ಲ.

ಶುರುವಿಗೆ ಬೆಲ್ಲದ ನೀರು, ಒಣಮೀನಿನ ಚೂರು ಇಟ್ಟೆ. ಆಮೇಲೆ ಬೇಕಾಗಲಿಲ್ಲ. ಗೇರಿನ ಎಳೆ ಚಿಗುರಲ್ಲಿ, ಹೂಗೊಂಚಲಲ್ಲಿ ಸಣ್ಣ ಸಣ್ಣ ಸಿಹಿ ಹನಿ ಒಸರುತ್ತದೆ, ಗಮನಿಸಿದ್ದೀರಾ? ಅದೇ ಚಗಳಿಗೆ ಸಂಬಳ. ಟೀ ಸೊಳ್ಳೆ ಬಂದು ಕೂರುವುದೂ ಅಲ್ಲೇ. ಊಟ ಹಾಕಿದ ಮನೆ ಕಾಯದೆ ಇರುತ್ತವೆಯೇ? ಆದರೆ ಸಂಬಳದ ಮೇಲೆ ಗಿಂಬಳವೂ ಬೇಕು ಅವಕ್ಕೆ. ಬಿಳಿ ಹಿಟ್ಟುತಿಗಣೆಯನ್ನು ಹಸು ಸಾಕಿದ ಹಾಗೆ ಸಾಕಿ ಸಿಹಿ ಕರೆದುಕೊಳ್ಳುತ್ತವೆ. ಗೇರಿಗೆ ಅದರಿಂದ ದೊಡ್ಡ ನಷ್ಟ ಕಾಣಲಿಲ್ಲ. ಹುಮ್ಮಸ್ಸಿನಲ್ಲಿ ಕಾಳುಮೆಣಸಿನ ಬಳ್ಳಿಗೂ ಬಿಟ್ಟೆ ನೋಡಿ, ಅಲ್ಲಿ ಕೆಟ್ಟೆ. ಬಳ್ಳಿಯೆಲ್ಲ ಬಿಳಿ, ಕೊಯ್ಯಲು ಏಣಿ ಹತ್ತಿದವ ಅರ್ಧಕ್ಕೇ ಹಾರಿ ಇಳಿದ. ಎರಡು ದಿನದ ಕೂಲಿ ಜೊತೆಗೆ ಒಂದು ಕೋಳಿಯನ್ನೂ ಕೊಟ್ಟು ಸಮಾಧಾನ ಮಾಡಬೇಕಾಯಿತು. ಗೇರಿನಲ್ಲಿ ಆ ತಾಪತ್ರಯ ಇಲ್ಲ, ಬಿದ್ದದ್ದನ್ನು ಹೆಕ್ಕುವುದು ತಾನೆ.

ಜೇನು ಹತ್ತಿರ ಬರಲ್ಲ ಅಂತ ಹೆದರಿಸಿದವರಿದ್ದರು. ಚಗಳಿ ಕಿಕ್ಕಿರಿದ ಗೊಂಚಲಿಗೆ ಕಡಿಮೆ ಬಂದದ್ದು ಹೌದು, ಕಾಯಿ ಕಡಿಮೆ ಆಗಲಿಲ್ಲ. ಕಾಂಡ ಕೊರೆಯುವ ಹುಳದ ಮುಂದೆ ಮಾತ್ರ ಇವುಗಳ ಆಟ ನಡೆಯಲ್ಲ. ಕಳೆದ ವರ್ಷವೂ ನಾಲ್ಕು ಮರ ಹೋದವು. ಬುಡ ಕೆರೆದು ನೋಡುವ ಕೆಲಸ ನಮ್ಮದೇ.

ಮಗಳಿಗೆ ಇದರಲ್ಲೇ ಒಂದು ಮೋಜು ಸಿಕ್ಕಿದೆ. ಒಂದು ದಿನ "ಅಪ್ಪಾ, ಈ ಚಗಳಿಗೆ ಎಂಟು ಕಾಲು" ಎಂದಳು. ಬೈಯಲು ಹೊರಟವ ಬಗ್ಗಿ ನೋಡಿದರೆ ನಿಜ, ಅದು ಚಗಳಿ ವೇಷ ಹಾಕಿದ ಜೇಡ. ನೂಲು ಬಿಟ್ಟು ಜೋತುಬಿದ್ದ ಮೇಲೆ ನನಗೂ ನಂಬಿಕೆ ಬಂತು.

ಚಗಳಿಗೆ ದೊಡ್ಡ ಶತ್ರು ಮನುಷ್ಯರೇ. 2024ರಲ್ಲಿ ಒಡಿಶಾದ ಸಿಮಿಲಿಪಾಲದ ಕೆಂಪಿರುವೆ ಚಟ್ನಿಗೆ ಜಿಐ ಟ್ಯಾಗ್ (ಊರಿನ ಹೆಸರಿನ ಜೊತೆ ಬರುವ ಭೌಗೋಳಿಕ ಗುರುತು) ಸಿಕ್ಕಿತು ಅಂತ ಮೊಬೈಲಿನಲ್ಲಿ ಓಡಾಡಿದ್ದೇ ತಡ, ಊರ ಹುಡುಗರಿಗೆ ನಮ್ಮ ತೋಟ ನೆನಪಾಯಿತು. ಒಂದೇ ರಾತ್ರಿ ಹನ್ನೊಂದು ಕೊಟ್ಟೆ ಮಾಯ. ಅದರಲ್ಲೊಂದು ರಾಣಿಯ ಮನೆ. ಇಡೀ ಸಾಲು ಮತ್ತೆ ಮೊದಲಿನಿಂದ ಕಟ್ಟಬೇಕಾಯಿತು. ಈಗ ಕೇಳಿದವರಿಗೆ ನಾನೇ ಮೂಲೆ ಮರದಿಂದ ಒಂದೆರಡು ಕೊಯ್ದು ಕೊಡುತ್ತೇನೆ.

ಕಳೆದ ಹಂಗಾಮಿಗೆ ಎಂಟು ಕ್ವಿಂಟಲ್ ಹತ್ತಿರ ಬಂತು. ಕಿಲೋಗೆ ನೂರಹತ್ತರ ಆಸುಪಾಸು ಸಿಕ್ಕಿದ ನೆನಪು. ಹಗ್ಗ ಬದಲಿಸಿದ್ದು, ಕೊಂಬೆ ಸವರಿದ್ದು ಸೇರಿ ಖರ್ಚು ಎರಡು ಸಾವಿರ ದಾಟಲಿಲ್ಲ. ಸ್ಪ್ರೇಯರಿನವನು ದಾರಿಯಲ್ಲಿ ಸಿಕ್ಕರೆ ಈಗ ಮುಖ ತಿರುಗಿಸಿಕೊಂಡು ಹೋಗುತ್ತಾನೆ.

ಮೊನ್ನೆ ಚಿಗುರು ಬರುವ ಹೊತ್ತಿಗೆ ಬೇಲಿಯಾಚೆಯಿಂದ ಕೆಮ್ಮಿದ ಸದ್ದು. "ಎಂತದೋ, ನಾಲ್ಕು ಕೊಟ್ಟೆ ಕೊಡ್ತಿಯಾ?" ಚಟ್ನಿಗಾ ಅಂತ ಕೇಳಿದೆ. "ಅಲ್ಲ ಮಾರಾಯ, ಮರಕ್ಕೆ." ನಾಳೆ ಬೆಳಗ್ಗೆ ಐದಕ್ಕೆ ಬೂದಿ ತಗೊಂಡು ಬನ್ನಿ ಅಂದೆ. ರಾಣಿಯ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.