ಮರಳನ್ನ ಐಸ್ ಮಾಡಿ ಟನಲ್ ಅಗೆದಿದ್ದು – ನನ್ನ ಅನುಭವ

ನಾನು ಕೆಲಸ ಮಾಡಿದ್ದು ಹೊರದೇಶದ ಒಂದು ಮೆಟ್ರೋ ಸೈಟಲ್ಲಿ, ಎರಡು ಟನಲ್ ಆಗ್ಲೇ ರೆಡಿ ಇತ್ತು, ಅವೆರಡನ್ನೂ ಸೇರಿಸೋಕೆ ಮಧ್ಯೆ ಒಂದು ಕ್ರಾಸ್ ಪ್ಯಾಸೇಜ್ ಅಗೀಬೇಕಿತ್ತು, ಸುತ್ತ ಇರೋದು ಬರೀ ನೀರು ತುಂಬಿದ ಮರಳು. ನಮ್ ತೀರ್ಥಹಳ್ಳಿ ಕಡೆ ಜಂಬಿಟ್ಟಿಗೆ ಕೆಳಗಿನ ಸೇಡಿ ಅನ್ನೋ ನುಣ್ಣನೆ ಮಣ್ಣಿಗೆ ನೀರು ಸೇರಿದ್ರೆ ಬಾವಿ ಹೇಗೆ ಕುಸಿಯತ್ತೆ, ಅದಕ್ಕಿಂತ ಕಷ್ಟ ಇದು. ಅದಕ್ಕೆ ಸುತ್ತಲೂ ಹೆಚ್ಚುಕಮ್ಮಿ ಒಂದು ಮೀಟರ್‌ಗೊಂದು ಪೈಪ್ ಇಳಿಸಿ ಅದರಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಬ್ರೈನ್, ಅಂದ್ರೆ ಆ ಚಳಿಗೂ ಗಟ್ಟಿಯಾಗದ ಉಪ್ಪುನೀರನ್ನ ಮೈನಸ್ 25-30 ಡಿಗ್ರೀಲಿ ವಾರಗಟ್ಟಲೆ ಓಡಿಸ್ತೀವಿ, ಒಂದೊಂದು ಪೈಪ್ ಸುತ್ತ ಮರಳು ಗಟ್ಟಿಯಾಗ್ತಾ ಹೋಗಿ ಪಕ್ಕದ್ದಕ್ಕೆ ಕೂಡ್ಕೊಂಡು ಗೋಡೆ ಆಗತ್ತೆ. ಹೊಸದೇನಲ್ಲ, ಜರ್ಮನಿಯ ಪೊಯೆಟ್ಷ್ ಅನ್ನೋ ಎಂಜಿನಿಯರ್ 1883ರಲ್ಲೇ ಗಣಿ ಕೆಲಸಕ್ಕೆ ಪೇಟೆಂಟ್ ತಗೊಂಡಿದ್ದ.

ಗೋಡೆ ಪೂರ್ತಿ ಕೂಡ್ತಾ, ಇಲ್ವಾ ಅನ್ನೋದೇ ತಲೆನೋವು. ಟೆಂಪರೇಚರ್ ಸೆನ್ಸರ್ ತಾನಿರೋ ಜಾಗದ ಸುದ್ದಿ ಮಾತ್ರ ಹೇಳತ್ತೆ, ನಾನು ನಂಬ್ತಿದ್ದಿದ್ದು ಗೋಡೆ ಸುತ್ತುವರಿದ ಜಾಗದ ನಟ್ಟನಡುವೆ, ಇನ್ನೂ ಐಸ್ ಆಗದ ಮರಳಲ್ಲಿ ಹಾಕಿದ್ದ ಪ್ರೆಶರ್ ಗೇಜನ್ನ. ನೀರು ಐಸ್ ಆಗುವಾಗ ಶೇ. 9ರಷ್ಟು ಹಿಗ್ಗತ್ತಲ್ಲ, ಸುತ್ತ ಮುಚ್ಚಿಹೋದ್ರೆ ಒಳಗಿನ ನೀರಿಗೆ ಹೋಗೋಕೆ ದಾರಿ ಇಲ್ಲ, ಆಗ ಪ್ರೆಶರ್ ಏರತ್ತೆ. ಅಲ್ಲಾಡದೆ ಕೂತಿದ್ದ ಮುಳ್ಳು ಒಂದಿನ ಮೇಲೇಳೋಕೆ ಶುರುವಾದಾಗ ಶಿಫ್ಟಿನೋರೆಲ್ಲ ಅದರ ಮುಂದೇನೇ ನಿಂತ್ಬಿಟ್ರು. ಆಮೇಲೆ ಒಳಗಿನ ನೀರು ಬಿಡೋ ವಾಲ್ವ್ ತೆಗೆದ್ವಿ, ಮೊದಲು ನೀರು ಜೋರಾಗೇ ಬಂತು, ಬರ್ತಾ ಬರ್ತಾ ತೊಟ್ಟಿಕ್ಕಿ ನಿಂತೋಯ್ತು. ನಿಲ್ಲದೆ ಹರೀತಾನೇ ಇದ್ರೆ ಎಲ್ಲೋ ಕಿಂಡಿ ಉಳಿದಿದೆ ಅಂತ, ಆಗ ಟನಲ್ ಗೋಡೆ ಒಡೆಯೋ ಮಾತೇ ಇಲ್ಲ.

ಅಗೆಯೋದು ಸಲೀಸಲ್ಲ, ಬ್ರೇಕರ್ ಹಾಕಿದ್ರೆ ಕಾಂಕ್ರೀಟ್ ಒಡೆದಂಗೇ ಸದ್ದು.

ಊರಿಗೆ ಬಂದ್ರೆ ಸಾಕು, ಆಗುಂಬೆ ಘಾಟಿಗೆ ಟನಲ್ ಆದ್ರೆ ಇದನ್ನೇ ಮಾಡಬಹುದಲ್ವಾ ಮಾರಾಯ ಅಂತಾರೆ, ಇನ್ನೊಬ್ರು ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಕರಗಿಹೋಗಲ್ವಾ ಅಂತ ನಗ್ತಾರೆ. ಕೆಲವು ಗಂಟೆ ಕರೆಂಟ್ ಹೋದ್ರೆ ಏನೂ ಆಗಲ್ಲ, ಜನರೇಟರೂ ಇರತ್ತೆ. ತೊಂದರೆ ಇರೋದು ಹರಿಯೋ ನೀರಲ್ಲಿ. ನೆಲದಡಿ ನೀರು ದಿನಕ್ಕೆ ಒಂದೆರಡು ಮೀಟರ್‌ಗಿಂತ ಜೋರಾಗಿ ಸರೀತಿದ್ರೆ ಬ್ರೈನ್ ಕೊಟ್ಟ ತಂಪನ್ನೆಲ್ಲ ಅದೇ ಹೊತ್ಕೊಂಡು ಹೋಗತ್ತೆ, ಆಮೇಲೆ ಮೈನಸ್ 196 ಡಿಗ್ರಿಯ ಲಿಕ್ವಿಡ್ ನೈಟ್ರೋಜನ್ನೇ ಗತಿ, ಅದರ ಬಿಲ್ ನೋಡಿದ್ರೆ ಬೆವರು ಬರತ್ತೆ. ಮೇಲಾಗಿ ಸೇಡಿಯಂಥ ನುಣ್ಣನೆ ಮಣ್ಣು ಐಸ್ ಆದ್ರೆ ಉಬ್ಬತ್ತೆ, ಕರಗಿದ ಮೇಲೆ ಇನ್ನೂ ಮೆತ್ತಗಾಗತ್ತೆ. ನನ್ನ ಕೇಳಿದ್ರೆ ಘಾಟಿ ಒಳಗಿನ ಬಂಡೆಗೆ ರಾಕ್ ಬೋಲ್ಟ್ (ಬಂಡೆ ಹಿಡಿದಿಡೋ ಸರಳು), ಶಾಟ್‌ಕ್ರೀಟ್ (ಎರಚಿ ಬಳಿಯೋ ಕಾಂಕ್ರೀಟ್) ಸಾಕು, ಟನಲ್ ಬಾಯಿ ಹತ್ರದ ಮಣ್ಣಿಗೆ ಮೇಲಿಂದ ಪೈಪ್ ಹೊಡೆದು ಗ್ರೌಟ್ ಮಾಡಿ, ಅಂದ್ರೆ ಸಿಮೆಂಟ್ ಹಾಲು ತುಂಬಿ, ಅದಕ್ಕೂ ಮುಂಚೆ ನೀರು ಹೋಗೋಕೆ ದಾರಿ ಮಾಡ್ಲಿ.