ಯಂತ್ರ ಕೊಳ್ಳುವ ಮೊದಲು ಉತ್ಪನ್ನದ ಬಾಳಿಕೆಯ ಅವಧಿ ಗೊತ್ತುಮಾಡಿಕೊಳ್ಳಿ

ಆಹಾರ ತಯಾರಿಕೆಯ ಉದ್ದಿಮೆಗೆ ಇಳಿಯುವ ಅನೇಕರು ಯಂತ್ರಗಳ ದರಪಟ್ಟಿ ತರಿಸಿಕೊಳ್ಳುವುದರಿಂದಲೇ ಕೆಲಸ ಆರಂಭಿಸುತ್ತಾರೆ. ಉತ್ಪನ್ನ ಎಷ್ಟು ದಿನ ಕೆಡದೆ ಉಳಿಯುತ್ತದೆ ಎಂಬುದು ಖಚಿತವಾಗದೆ ಅದನ್ನು ಎಷ್ಟು ದೂರ ಕಳುಹಿಸಬಹುದು, ಯಾವ ಪ್ಯಾಕಿಂಗ್ ಬೇಕು, ಎಷ್ಟು ದಾಸ್ತಾನು ಇಡಬಹುದು ಎಂಬುದು ಯಾವುದೂ ತೀರ್ಮಾನವಾಗದು. ಆದ್ದರಿಂದ ಯಂತ್ರದ ಖರೀದಿ ಕಡೆಯ ಹೆಜ್ಜೆಯಾಗಬೇಕು.

ಮೊದಲು ಒಂದೇ ಉತ್ಪನ್ನವನ್ನು ಆರಿಸಿಕೊಳ್ಳಿ. ಎರಡನೆಯದಾಗಿ, ಅದರ ಪಾಕವಿಧಾನವನ್ನು ತೂಕ, ಉಷ್ಣಾಂಶ ಮತ್ತು ಸಮಯಗಳ ಲೆಕ್ಕದಲ್ಲಿ ಬರೆದಿಡಿ.

ಮೂರನೆಯ ಹೆಜ್ಜೆಯೇ ಬಾಳಿಕೆಯ ಪರೀಕ್ಷೆ, ಹೆಚ್ಚಿನವರು ಎಡವುವುದು ಇಲ್ಲಿಯೇ. ಪ್ರತಿಸ್ಪರ್ಧಿಯ ಪೊಟ್ಟಣದ ಮೇಲಿನ ಅವಧಿಯನ್ನು ನಕಲು ಮಾಡುವ ಅಡ್ಡದಾರಿಯನ್ನು ಖಂಡಿತ ಹಿಡಿಯಬೇಡಿ. ಪ್ರಯೋಗಾಲಯದಲ್ಲಿ ಪಿಎಚ್ (ಆಮ್ಲೀಯತೆಯ ಅಳತೆ, ಕಡಿಮೆಯಿದ್ದಷ್ಟೂ ಹುಳಿ ಹೆಚ್ಚು) ಮತ್ತು ನೀರಿನ ಚಟುವಟಿಕೆ ಎರಡನ್ನೂ ಅಳೆಯಿಸಿ. ನೀರಿನ ಚಟುವಟಿಕೆಯೆಂದರೆ ಒಟ್ಟು ತೇವಾಂಶವಲ್ಲ, ಸೂಕ್ಷ್ಮಜೀವಿಗಳ ಬಳಕೆಗೆ ಸಿಗುವ ನೀರಿನ ಸೂಚಕ, ಅದು 0.85ಕ್ಕಿಂತ ಕೆಳಗಿದ್ದರೆ ರೋಗಕಾರಕ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಬೆಳೆಯಲಾರವು, ಆದರೆ ಕೆಲವು ಬೂಷ್ಟುಗಳು ಬೆಳೆಯಬಲ್ಲವು. ಪಿಎಚ್ 4.6ಕ್ಕಿಂತ ಹೆಚ್ಚಿದ್ದು ತೇವವೂ ಹೆಚ್ಚಿರುವ ಆಹಾರವನ್ನು ಗಾಳಿಯಾಡದಂತೆ ಮುಚ್ಚಿ ಫ್ರಿಜ್ಜಿನ ಹೊರಗಿಟ್ಟರೆ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಜೀವಿ ಮಾರಕ ವಿಷವನ್ನು ಉಂಟುಮಾಡುವ ಅಪಾಯವಿರುವುದರಿಂದ, ಅಂಥ ಉತ್ಪನ್ನದ ಕಾಯಿಸುವ ಕ್ರಮವನ್ನು ತಜ್ಞರೇ ನಿರ್ಧರಿಸಬೇಕು. ಬೆಂಜೊಯೇಟ್, ಸಾರ್ಬೇಟ್‌ಗಳಂಥ ಸಂರಕ್ಷಕಗಳನ್ನು ಬೆರೆಸಿ ನಿಶ್ಚಿಂತರಾಗುವವರಿದ್ದಾರೆ; ಅವು ಚೆನ್ನಾಗಿ ಕೆಲಸ ಮಾಡುವುದು ಆಮ್ಲೀಯ ಆಹಾರದಲ್ಲಿ ಮಾತ್ರ.

ಪರೀಕ್ಷೆಗೆ ಕೊಡುವ ಮಾದರಿ, ಮಾರಾಟಕ್ಕೆ ಹೋಗುವ ಪ್ರಮಾಣದಲ್ಲಿಯೇ ತಯಾರಾಗಿ, ಮಾರುವ ಪೊಟ್ಟಣದಲ್ಲಿಯೇ ತುಂಬಿದ್ದಾಗಿರಬೇಕು. ದೊಡ್ಡ ಪಾತ್ರೆ ನಿಧಾನವಾಗಿ ಕಾದು ನಿಧಾನವಾಗಿ ಆರುವುದರಿಂದ ಅಡುಗೆಮನೆಯ ಪ್ರಮಾಣದಲ್ಲಿ ಬಂದ ಫಲಿತಾಂಶ ಕಾರ್ಖಾನೆಗೆ ಅನ್ವಯಿಸುವುದಿಲ್ಲ. ಎಣ್ಣೆಯಂಶವುಳ್ಳ ತಿನಿಸನ್ನು ಪಾರದರ್ಶಕವಾದ ಅಗ್ಗದ ಪ್ಲಾಸ್ಟಿಕ್ಕಿನಲ್ಲಿ ತುಂಬಲೇಬೇಡಿ; ಬೆಳಕು ಮತ್ತು ಆಮ್ಲಜನಕ ಸೇರಿ ಅದು ಬೇಗ ಕಮಟುತ್ತದೆ. ಉಷ್ಣಾಂಶವನ್ನು 10 ಡಿಗ್ರಿ ಸೆಲ್ಸಿಯಸ್ ಏರಿಸಿದರೆ ಕೆಡುವ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬ ಸ್ಥೂಲ ನಿಯಮದ ಮೇಲೆ, ಉತ್ಪನ್ನವನ್ನು ಹೆಚ್ಚಿನ ಉಷ್ಣಾಂಶದಲ್ಲಿಟ್ಟು ನಡೆಸುವ ತ್ವರಿತ ಪರೀಕ್ಷೆ ಅಂದಾಜಿಗಷ್ಟೇ ಸಾಕು. ಶೀತದಲ್ಲಿಟ್ಟ ಬ್ರೆಡ್ ಇನ್ನೂ ಬೇಗ ಗಟ್ಟಿಯಾಗುವುದರಿಂದ ಎಲ್ಲ ಆಹಾರಕ್ಕೂ ಆ ನಿಯಮ ಹೊಂದುವುದಿಲ್ಲ. ಹಾಗಾಗಿ ಸಾಮಾನ್ಯ ಉಷ್ಣಾಂಶದ ಪರೀಕ್ಷೆಯನ್ನೂ ಜೊತೆಯಲ್ಲೇ ಪೂರ್ತಿ ನಡೆಸಿ.

ನಾಲ್ಕನೆಯದು ಸುರಕ್ಷತಾ ಯೋಜನೆ. 1960ರ ದಶಕದಲ್ಲಿ ಗಗನಯಾತ್ರಿಗಳ ಆಹಾರಕ್ಕಾಗಿ ಪಿಲ್ಸ್‌ಬರಿ ಕಂಪನಿ, ನಾಸಾ ಮತ್ತು ಅಮೆರಿಕದ ಸೇನಾ ಪ್ರಯೋಗಾಲಯ ಸೇರಿ ರೂಪಿಸಿದ ಎಚ್‌ಎಸಿಸಿಪಿ ವಿಧಾನದ (ಅಪಾಯಗಳನ್ನು ಮೊದಲೇ ಗುರುತಿಸಿ ನಿರ್ಣಾಯಕ ಹಂತಗಳಲ್ಲಿ ತಡೆಯುವ ಕ್ರಮ) 7 ತತ್ವಗಳನ್ನು ನಿಮ್ಮ ಘಟಕದ ಒಂದೊಂದು ಹಂತಕ್ಕೂ ಅನ್ವಯಿಸಿ ಬರೆಯಿರಿ. ದುಡ್ಡಿಗೆ ಸಿಗುವ ಸಿದ್ಧ ನಮೂನೆಗಳಲ್ಲಿ ನಿಮ್ಮ ಘಟಕದ ಅಪಾಯಗಳು ಇರುವುದಿಲ್ಲ.

ಐದನೆಯದು ಲೆಕ್ಕ. ಒಂದು ಪೊಟ್ಟಣದ ಮಾರಾಟದ ಬೆಲೆಯಿಂದ ಕಚ್ಚಾವಸ್ತು, ಪ್ಯಾಕಿಂಗ್, ಸಾಗಣೆ, ವಿತರಕ ಮತ್ತು ಅಂಗಡಿಯವರ ಕಮಿಷನ್ ಕಳೆಯಿರಿ. ಅವಧಿ ಮುಗಿದು ಹಿಂದಿರುಗುವ ಸರಕಿನ ನಷ್ಟವನ್ನೂ ಮರೆಯದೆ ಕಳೆಯಿರಿ. ತಿಂಗಳ ಸ್ಥಿರ ವೆಚ್ಚವನ್ನು ಹೀಗೆ ಉಳಿದ ಮೊತ್ತದಿಂದ ಭಾಗಿಸಿದರೆ ನಷ್ಟವಾಗದಿರಲು ತಿಂಗಳಿಗೆ ಎಷ್ಟು ಪೊಟ್ಟಣ ಮಾರಬೇಕೆಂಬುದು ತಿಳಿಯುತ್ತದೆ. ಅಷ್ಟು ಮಾರಾಟ ಸತತವಾಗಿ ಆಗುವವರೆಗೆ ಗುತ್ತಿಗೆಯ ಮೇಲೆ ಇನ್ನೊಂದು ಕಾರ್ಖಾನೆಯಲ್ಲಿ ಮಾಡಿಸಿಕೊಳ್ಳುವುದೇ ಲೇಸು. ಆದರೆ ಪಾಕವಿಧಾನದ ಹಕ್ಕು ನಿಮ್ಮದೆಂದೂ, ಪ್ರತಿ ಬ್ಯಾಚಿನ ಮಾದರಿಯನ್ನು ಬಾಳಿಕೆಯ ಅವಧಿ ಮುಗಿಯುವತನಕ ತೆಗೆದಿಡಬೇಕೆಂದೂ ಕರಾರಿನಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಿ.